ಗಿರ್ ಸಿಂಹಗಳಿಗೆ ಬರುವ ರೋಗಗಳು, ವನ್ಯಜೀವಿ ಪಶುವೈದ್ಯರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಗುಜರಾತಿನ ಗಿರ್ ಸೀಮೆಯ ಸಿಂಹಗಳನ್ನು ರೋಗಗಳಿಂದ ಕಾಯುವುದು ಹೇಗೆ ಎಂದು ಪಶುವೈದ್ಯಕೀಯ ವಿದ್ಯಾರ್ಥಿಗಳು, ಅರಣ್ಯ ಸಿಬ್ಬಂದಿ, ಗಿರ್ ನೋಡಿ ಬಂದವರು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಆಫ್ರಿಕಾದ ಅನುಭವವಿಲ್ಲದೆ ಗಿರ್ ಅರ್ಥವಾಗುವುದಿಲ್ಲ, ಹಾಗಾಗಿ ಅಲ್ಲಿನ ಸಂಗತಿಗಳೂ ಇವೆ. ಔಷಧದ ಪ್ರಮಾಣಗಳನ್ನು ಬರೆದಿರುವುದು ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲಿ ಎಂದಷ್ಟೇ. ಅವನ್ನು ಬಳಸುವ ಅಧಿಕಾರ ಇರುವುದು ನೋಂದಾಯಿತ ಪಶುವೈದ್ಯರಿಗೆ ಮಾತ್ರ, ಅದೂ ಅರಣ್ಯ ಇಲಾಖೆಯ ಅನುಮತಿ ಇದ್ದಾಗ.

ಸಿಂಹಗಳಿಗೆ ಬರುವ ರೋಗಗಳಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು?

ಡಿಸ್ಟೆಂಪರ್‌ಗೆ. ನಾಯಿ ಸಾಕಿದವರಿಗೆಲ್ಲ ಹೆಸರು ಗೊತ್ತಿರುವ ಅದೇ ರೋಗ. ಇದರ ವೈರಸ್ಸು ಮನುಷ್ಯರ ದಡಾರ, ದನಗಳ ದೊಡ್ಡರೋಗ ಇವುಗಳ ವೈರಸ್‌ಗಳ ಕುಲಕ್ಕೇ ಸೇರಿದ್ದು. ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ತೊಲಗಿತು. ಡಿಸ್ಟೆಂಪರ್‌ಗೆ ಆ ಗತಿ ಕಾಣಿಸುವುದು ಸುಲಭವಲ್ಲ, ಏಕೆಂದರೆ ಅದಕ್ಕೆ ತಂಗಲು ಹತ್ತಾರು ಮನೆಗಳಿವೆ: ನಾಯಿ, ನರಿ, ಗುಳ್ಳೆನರಿ, ಕತ್ತೆಕಿರುಬ, ಪುನುಗು, ಚಿರತೆ, ಹುಲಿ, ಸಿಂಹ.

ಉಣ್ಣೆಗಳಿಂದ ಹರಡುವ ಬೆಬಿಸಿಯಾ ಎಂಬ ರಕ್ತದ ಪರಾವಲಂಬಿ ಎರಡನೆಯದು. ಒಂಟಿಯಾಗಿ ಬಂದಾಗ ಆರೋಗ್ಯವಂತ ಸಿಂಹ ಅದನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ, ಡಿಸ್ಟೆಂಪರ್ ಜೊತೆಗೂಡಿದರೆ ಸಾವು ಖಚಿತ ಎನ್ನುವಷ್ಟು ಕೆಟ್ಟ ಜೋಡಿ. ರೇಬೀಸ್, ಮರಿಗಳಲ್ಲಿ ಪಾರ್ವೋ ಜಾತಿಯ ವಾಂತಿ-ಭೇದಿ, ದಕ್ಷಿಣ ಆಫ್ರಿಕಾದಲ್ಲಿ ದನಗಳ ಕ್ಷಯ ಇವು ನಂತರದವು.

2018ರಲ್ಲಿ ಗಿರ್‌ನಲ್ಲಿ ಏನಾಯಿತು?

ಗಿರ್ ಪೂರ್ವ ವಿಭಾಗದ ದಲ್‌ಖಾನಿಯಾ ವಲಯದಲ್ಲಿ ಸೆಪ್ಟೆಂಬರ್ ಎರಡನೇ ವಾರದಿಂದ ಸಿಂಹಗಳ ಕಳೇಬರ ಸಿಗತೊಡಗಿದವು. ಅಕ್ಟೋಬರ್ ಆರಂಭದ ಹೊತ್ತಿಗೆ ಸತ್ತವು 23. ಅಲ್ಲಿನ ಸರಸಿಯಾ ಎಂಬ ಪ್ರದೇಶದಲ್ಲಿದ್ದ 26 ಸಿಂಹಗಳಲ್ಲಿ ಉಳಿದವು ಮೂರೇ ಮೂರು. ಮೊದಲ ಕಳೇಬರಗಳು ಸಿಕ್ಕಾಗ ಗಂಡುಗಳ ಕಾದಾಟವೇ ಕಾರಣ ಎಂಬ ಮಾತು ಬಂದಿತ್ತು. ಸಿಂಹಗಳಲ್ಲಿ ಕಾದಾಟ ಸಹಜವಾದ್ದರಿಂದ ಮೈಮೇಲಿನ ಗಾಯ ನೋಡಿ ಹಾಗೆ ತಿಳಿಯುವುದು ಸುಲಭ. ಆದರೆ ರೋಗದಿಂದ ಸೊರಗಿದ ಪ್ರಾಣಿಯೇ ಮೊದಲು ಪೆಟ್ಟು ತಿನ್ನುತ್ತದೆ, ಗಾಯದ ಹಿಂದೆ ರೋಗ ಅಡಗಿರಬಹುದು. ಒಂದೇ ಜಾಗದಲ್ಲಿ ಕೆಲವೇ ದಿನಗಳಲ್ಲಿ ಎರಡನೇ ಕಳೇಬರ ಸಿಕ್ಕಿತೆಂದರೆ ಗಾಯವಿರಲಿ ಇಲ್ಲದಿರಲಿ, ಸೋಂಕು ಎಂದುಕೊಂಡೇ ಕೆಲಸ ಶುರುಮಾಡಬೇಕು.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಡಿಸ್ಟೆಂಪರ್ ವೈರಸ್ಸನ್ನು ಖಚಿತಪಡಿಸಿತು. ಅದರ ವಂಶವಾಹಿ ಪೂರ್ವ ಆಫ್ರಿಕಾದ ತಳಿಗಳಿಗೆ ಹತ್ತಿರವಿತ್ತು. ಕೆಲವು ಸಿಂಹಗಳಲ್ಲಿ ಬೆಬಿಸಿಯಾ ಕೂಡ ಸಿಕ್ಕಿತು. ಗುಜರಾತ್ ಸರ್ಕಾರ ಅಮೆರಿಕದಿಂದ 300 ಡೋಸ್ ಲಸಿಕೆ ತರಿಸಿತು. ಸುತ್ತಲಿನ ಸಿಂಹಗಳನ್ನು ಹಿಡಿದು ಜಾಮ್‌ವಾಲಾ, ಜಸಾಧಾರ್ ಮುಂತಾದ ಕೇಂದ್ರಗಳಲ್ಲಿ ಪ್ರತ್ಯೇಕವಾಗಿಟ್ಟು ನಿಗಾ ವಹಿಸಲಾಯಿತು. ರೋಗ ಆ ವಲಯ ದಾಟಿ ಇಡೀ ಗಿರ್‌ಗೆ ಹಬ್ಬಲಿಲ್ಲ.

ನಾಯಿಯ ರೋಗ ಸಿಂಹಕ್ಕೆ ಹೋಗುವುದು ಹೇಗೆ?

ಹೆಚ್ಚಾಗಿ ಊಟದ ಜಾಗದಲ್ಲಿ. ಸತ್ತ ದನ, ಎಮ್ಮೆಗಳನ್ನು ಊರಾಚೆ ಬಯಲಿಗೆ ಎಳೆದು ಹಾಕುತ್ತಾರೆ. ಹಗಲು ಬೀದಿನಾಯಿಗಳು ತಿನ್ನುತ್ತವೆ, ಸಂಜೆಗೆ ನರಿ ಬರುತ್ತದೆ, ರಾತ್ರಿ ಸಿಂಹ ಬರುತ್ತದೆ. ವೈರಸ್ಸು ಉಸಿರಿನ ಹನಿ, ಮೂಗಿನ ಸಿಂಬಳ, ಕಣ್ಣಿನ ಪಿಸುರು, ಜೊಲ್ಲು, ಮೂತ್ರ ಎಲ್ಲದರಲ್ಲೂ ಇರುತ್ತದೆ. ಬಿಸಿಲಿಗೆ ಒಣಗಿದರೆ ಬೇಗ ಸಾಯುತ್ತದೆ, ತಂಪಾದ ತೇವದ ಜಾಗದಲ್ಲಿ ಹೆಚ್ಚು ಹೊತ್ತು ಬಾಳುತ್ತದೆ. ಹಸಿಮಾಂಸದ ಸುತ್ತ ಮೂತಿಗೆ ಮೂತಿ ತಾಗಿಸಿ ತಿನ್ನುವ ಪ್ರಾಣಿಗಳ ನಡುವೆ ಅದಕ್ಕೆ ಹೆಚ್ಚು ಹೊತ್ತು ಬಾಳುವ ಅಗತ್ಯವೂ ಇಲ್ಲ.

ಗುಂಪಿನೊಳಗೆ ಒಂದಕ್ಕೆ ತಗುಲಿದರೆ ಸಾಕು. ಸಿಂಹ ಹುಲಿಯಂತೆ ಒಂಟಿ ಜೀವಿಯಲ್ಲ. ಒಂದನ್ನೊಂದು ನೆಕ್ಕುತ್ತವೆ, ಮುಖ ಉಜ್ಜುತ್ತವೆ, ಒಂದೇ ಬೇಟೆಗೆ ಬಾಯಿ ಹಾಕುತ್ತವೆ. ಅವುಗಳ ಕೂಡುಬಾಳ್ವೆಯೇ ವೈರಸ್ಸಿಗೆ ದಾರಿ.

ಕದ್ದುಮುಚ್ಚಿ ನಡೆಯುವ ‘ಲಯನ್ ಶೋ’ಗಳೂ ಇದೇ ಕೆಡುಕನ್ನು ಮಾಡುತ್ತವೆ. ಪ್ರವಾಸಿಗರಿಗೆ ಸಿಂಹ ತೋರಿಸಲು ದನವನ್ನೋ ಎಮ್ಮೆಯನ್ನೋ ಕಟ್ಟಿ ಆಮಿಷ ಒಡ್ಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದು ಬರೀ ಕಾನೂನಿನ ಮಾತಲ್ಲ. ಅಲ್ಲಿ ಉಳಿದ ಮೂಳೆ-ಮಾಂಸಕ್ಕೆ ಮರುದಿನ ಬರುವವು ನಾಯಿಗಳು.

ಆಫ್ರಿಕಾದಲ್ಲಿ ಹೀಗಾಗಿತ್ತೇ?

ಇದಕ್ಕಿಂತ ದೊಡ್ಡದಾಗಿ. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ಹಬ್ಬಿ ಅಲ್ಲಿನ ಸುಮಾರು 3,000 ಸಿಂಹಗಳಲ್ಲಿ ಮೂರನೇ ಒಂದರಷ್ಟು ಸತ್ತವು. ಅಲ್ಲಿಯವರೆಗೆ ಡಿಸ್ಟೆಂಪರ್ ಬೆಕ್ಕಿನ ಕುಲದ ಕಾಡುಪ್ರಾಣಿಗಳನ್ನು ಈ ಪ್ರಮಾಣದಲ್ಲಿ ಕೊಲ್ಲುತ್ತದೆ ಎಂದು ಹೆಚ್ಚಿನವರು ಎಣಿಸಿರಲಿಲ್ಲ. ಸುತ್ತಲಿನ ಹಳ್ಳಿಗಳ ನಾಯಿಗಳಲ್ಲಿದ್ದ ವೈರಸ್ಸಿಗೂ ಸಿಂಹಗಳಲ್ಲಿ ಸಿಕ್ಕ ವೈರಸ್ಸಿಗೂ ಹೋಲಿಕೆ ಕಂಡಿತು. ಉದ್ಯಾನದಂಚಿನ ಹಳ್ಳಿಗಳಲ್ಲಿ ನಾಯಿಗಳಿಗೆ ಡಿಸ್ಟೆಂಪರ್, ಪಾರ್ವೋ, ರೇಬೀಸ್ ಲಸಿಕೆ ಹಾಕುವ ಕಾರ್ಯಕ್ರಮಗಳು ಹುಟ್ಟಿದ್ದು ಇದಾದ ಮೇಲೆ.

ಪಕ್ಕದ ಎನ್‌ಗೊರೊಂಗೊರೊ ಕುಳಿಯಲ್ಲಿ ಇನ್ನೂ ಹಳೆಯ ಪಾಠವಿದೆ. 1962ರಲ್ಲಿ ಸ್ಟೊಮಾಕ್ಸಿಸ್ ಎಂಬ ಕಚ್ಚುವ ನೊಣಗಳು ಮಿತಿಮೀರಿ ಹೆಚ್ಚಿ, ಕಚ್ಚಿ ಕಚ್ಚಿ ಸಿಂಹಗಳ ಮೈಯೆಲ್ಲ ಹುಣ್ಣಾಯಿತು. ಬೇಟೆಯಾಡಲಾಗದೆ ಅವು ಸತ್ತು ಕೊನೆಗೆ ಹತ್ತು-ಹನ್ನೆರಡು ಉಳಿದವು. ಸಣ್ಣ ಜಾಗದಲ್ಲಿ ಕೂಡಿಬಿದ್ದ ಸಿಂಹಗಳಿಗೆ ವೈರಸ್ಸೇ ಬೇಕಿಲ್ಲ, ನೊಣವೂ ಸಾಕು.

ಡಿಸ್ಟೆಂಪರ್ ಒಮ್ಮೆ ಸುಮ್ಮನೆ ಬಂದು ಹೋಗುತ್ತದೆ, ಇನ್ನೊಮ್ಮೆ ರಾಶಿ ರಾಶಿ ಕೊಲ್ಲುತ್ತದೆ. ಏಕೆ?

ಸೆರೆಂಗೆಟಿಯಲ್ಲಿ ದಶಕಗಳಿಂದ ಕೂಡಿಟ್ಟಿದ್ದ ರಕ್ತದ ಸೀರಮ್ ಪರೀಕ್ಷಿಸಿದಾಗ, ಯಾರಿಗೂ ಗೊತ್ತಾಗದೆ ಡಿಸ್ಟೆಂಪರ್ ಹಲವು ಸಲ ಸಿಂಹಗಳ ನಡುವೆ ಹಾದುಹೋಗಿದ್ದು ತಿಳಿಯಿತು. ಸಿಂಹಗಳು ರಾಶಿಯಾಗಿ ಸತ್ತದ್ದು ಸೆರೆಂಗೆಟಿಯಲ್ಲಿ 1994ರಲ್ಲಿ, ಎನ್‌ಗೊರೊಂಗೊರೊದಲ್ಲಿ 2001ರಲ್ಲಿ. ಆ ಎರಡೂ ಸಲ ಮೊದಲು ಭೀಕರ ಬರ ಬಂದಿತ್ತು. ಮೇವಿಲ್ಲದೆ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣ್ಣೆ ಹತ್ತಿತು. ಅಂಥ ಎಮ್ಮೆಗಳು ಸುಲಭವಾಗಿ ಸಿಗುತ್ತಿದ್ದುದರಿಂದ ಸಿಂಹಗಳು ಅವನ್ನೇ ತಿಂದವು. ಉಣ್ಣೆಗಳು ಸಿಂಹಗಳ ಮೈಗೆ ದಾಟಿದವು, ಬೆಬಿಸಿಯಾ ರಕ್ತದಲ್ಲಿ ಎಂದಿಗಿಂತ ಹೆಚ್ಚಾಯಿತು. ಅದೇ ಹೊತ್ತಿಗೆ ಬಂದ ಡಿಸ್ಟೆಂಪರ್ ದೇಹದ ರೋಗನಿರೋಧಕ ಶಕ್ತಿಯನ್ನು ನೆಲಕಚ್ಚಿಸಿತು, ಬೆಬಿಸಿಯಾ ಕೆಂಪು ರಕ್ತಕಣಗಳನ್ನು ಒಡೆದುಹಾಕಿತು.

ಆದ್ದರಿಂದ ಗಿರ್‌ನಲ್ಲೂ ಉಣ್ಣೆಯನ್ನು ಸಣ್ಣ ವಿಷಯ ಎಂದುಕೊಳ್ಳಬಾರದು. ಹಿಡಿದ ಪ್ರತಿ ಸಿಂಹದ ಕಿವಿಯೊಳಗೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಎಷ್ಟಿದೆ ಎಂದು ನೋಡಿ ಬರೆದುಕೊಳ್ಳಬೇಕು. ಒಂದೇ ಗುಂಪಿನ ಸಿಂಹಗಳಲ್ಲಿ ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಅದು ಮುನ್ಸೂಚನೆ. ಸಿಂಹದ ಮೈಗೆ ಉಣ್ಣೆನಾಶಕ ಬಳಿಯುತ್ತಾ ಕೂರಲಾಗುವುದಿಲ್ಲ. ಸುತ್ತಲಿನ ದನ-ಎಮ್ಮೆಗಳಿಗೆ ಕ್ರಮವಾಗಿ ಉಣ್ಣೆ ಔಷಧ ಹಾಕಿಸುವುದೇ ಆಗುವ ಮಾತು.

ಕಾಡಿನಲ್ಲಿ ರೋಗ ಬಂದದ್ದು ಮೊದಲು ಯಾರ ಕಣ್ಣಿಗೆ ಬೀಳುತ್ತದೆ?

ವೈದ್ಯರ ಕಣ್ಣಿಗಂತೂ ಅಲ್ಲ. ದಿನಾ ಹೆಜ್ಜೆಗುರುತು ಹಿಡಿದು ನಡೆಯುವ ಟ್ರ್ಯಾಕರ್‌ಗಳು, ಬೀಟ್ ಗಾರ್ಡ್‌ಗಳು, ಹಳ್ಳಿಗಳ ‘ವನ್ಯಪ್ರಾಣಿ ಮಿತ್ರ’ರು, ಎಮ್ಮೆ ಮೇಯಿಸುವ ಮಾಲ್ಧಾರಿಗಳು ಇವರೇ ಮೊದಲು ಕಾಣುವವರು. ಅವರಿಗೆ ಏನು ನೋಡಬೇಕೆಂದು ಹೇಳಿಕೊಡುವುದು ವೈದ್ಯರ ಕೆಲಸದಲ್ಲಿ ದೊಡ್ಡ ಪಾಲು.

ಕಣ್ಣಲ್ಲಿ ಅಂಟು ಪಿಸುರು, ಮೂಗಲ್ಲಿ ದಪ್ಪ ಸಿಂಬಳ, ಕೆಮ್ಮು, ಏದುಸಿರು, ಭೇದಿ, ಗುಂಪಿನಿಂದ ಹಿಂದೆ ಬೀಳುವುದು ಡಿಸ್ಟೆಂಪರಿನ ಮೊದಲ ಹಂತ. ನರಮಂಡಲಕ್ಕೆ ತಗುಲಿದ ಮೇಲೆ ಕಾಣುವುದು ಬೇರೆ: ಮುಖದ, ಕಾಲಿನ ಸ್ನಾಯು ತಂತಾನೇ ಅದುರುವುದು, ಹಿಂಗಾಲು ತಡವರಿಸುವುದು, ಸುತ್ತು ಸುತ್ತು ನಡೆಯುವುದು, ಫಿಟ್ಸ್, ಮನುಷ್ಯರ ಭಯವೇ ಇಲ್ಲದೆ ಹಗಲಲ್ಲಿ ರಸ್ತೆಗೆ ಬಂದು ನಿಲ್ಲುವುದು. ಮೊದಲ ಹಂತ ದಾಟಿ ಚೇತರಿಸಿದಂತೆ ಕಂಡ ಸಿಂಹದಲ್ಲಿ ನರದ ಲಕ್ಷಣ ವಾರಗಳ ನಂತರವೂ ಬರಬಹುದು. ‘ಗುಣವಾಯಿತು’ ಎಂದು ಆತುರದಲ್ಲಿ ಗುಂಪಿಗೆ ಬಿಡಬಾರದೆನ್ನುವುದು ಅದಕ್ಕೇ.

ಬೆಬಿಸಿಯಾ ಇದ್ದರೆ ಒಸಡು ಬಿಳಿಚಿಕೊಂಡಿರುತ್ತದೆ ಅಥವಾ ಹಳದಿಯಾಗಿರುತ್ತದೆ, ಮೂತ್ರ ಕಾಫಿ ಬಣ್ಣದ್ದು. ಅದುರುವ, ಭಯವಿಲ್ಲದ ಸಿಂಹ ರೇಬೀಸಿನದ್ದೂ ಇರಬಹುದು. ದೂರದಿಂದ ನೋಡಿ ಡಿಸ್ಟೆಂಪರ್, ರೇಬೀಸ್ ಎರಡನ್ನು ಬೇರ್ಪಡಿಸಲು ಯಾರಿಗೂ ಆಗುವುದಿಲ್ಲ. ಹತ್ತಿರ ಹೋಗುವ ಸಿಬ್ಬಂದಿಯೆಲ್ಲ ರೇಬೀಸ್ ಮುಂಜಾಗ್ರತಾ ಚುಚ್ಚುಮದ್ದು ಪಡೆದಿರಲೇಬೇಕು.

ಕಾಡುಸಿಂಹಕ್ಕೆ ಅರಿವಳಿಕೆ ಕೊಡುವುದು ಹೇಗೆ? ಎಲ್ಲಿ ಎಡವುತ್ತದೆ?

ಡಾರ್ಟ್ ಬಂದೂಕಿನಿಂದ, ಸಾಮಾನ್ಯವಾಗಿ 20ರಿಂದ 40 ಮೀಟರ್ ದೂರದಿಂದ, ತೊಡೆಯ ಅಥವಾ ಭುಜದ ದಪ್ಪ ಸ್ನಾಯುವಿಗೆ. ಮುಂಜಾನೆ ಅಥವಾ ಇಳಿಹೊತ್ತು ಸರಿಯಾದ ಸಮಯ. ಸುತ್ತ ತೆರೆದ ಬಾವಿ, ಹೊಂಡ, ಕಡಿದಾದ ಇಳಿಜಾರು ಇದೆಯೇ ಎಂದು ಮೊದಲೇ ನೋಡಬೇಕು. ಮತ್ತೇರಿದ ಸಿಂಹ ನೀರಿಗಿಳಿದರೆ ಉಳಿಸಿಕೊಳ್ಳುವುದು ಕಷ್ಟ.

ಔಷಧಿಯ ಲೆಕ್ಕ ಹೀಗೆ. ಕಿಲೋಗೆ 2.5 ಮಿಲಿಗ್ರಾಂ ಕೆಟಮಿನ್, 0.04 ಮಿಲಿಗ್ರಾಂ ಮೆಡೆಟೊಮಿಡಿನ್ ಎಂದಿಟ್ಟುಕೊಂಡರೆ 120 ಕಿಲೋ ಹೆಣ್ಣಿಗೆ 300 ಮಿಲಿಗ್ರಾಂ ಕೆಟಮಿನ್, 4.8 ಮಿಲಿಗ್ರಾಂ ಮೆಡೆಟೊಮಿಡಿನ್. ಕಾಗದದ ಮೇಲೆ ಸರಿ. ಆದರೆ ನಾಯಿ-ಬೆಕ್ಕಿಗೆ ಸಿಗುವ ಮೆಡೆಟೊಮಿಡಿನ್ ಮಿಲಿಗೆ 1 ಮಿಲಿಗ್ರಾಂನದ್ದು. ಅದೇ 4.8 ಮಿಲಿ, ಕೆಟಮಿನ್ 3 ಮಿಲಿ, ಒಟ್ಟು 7.8 ಮಿಲಿ. ಅಷ್ಟು ದೊಡ್ಡ ಡಾರ್ಟ್ ಸರಿಯಾಗಿ ಹಾರುವುದಿಲ್ಲ, ಬಿದ್ದ ಜಾಗದಲ್ಲಿ ಸ್ನಾಯು ಜಜ್ಜುತ್ತದೆ. ಇದಕ್ಕೆ ಸಾಂದ್ರ ಔಷಧ ಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ಉಪಾಯವೆಂದರೆ ಜೈಲಜಿನ್ ಎಂಬ ಇನ್ನೊಂದು ಮತ್ತಿನ ಮದ್ದಿನ 500 ಮಿಲಿಗ್ರಾಂ ಪುಡಿಯನ್ನು ನೀರಿನ ಬದಲು 4 ಮಿಲಿ ಕೆಟಮಿನ್‌ನಲ್ಲೇ ಕರಗಿಸುವುದು. ಮಿಲಿಗೆ 125 ಮಿಲಿಗ್ರಾಂ ಜೈಲಜಿನ್, 100 ಮಿಲಿಗ್ರಾಂ ಕೆಟಮಿನ್ ಸಿಗುತ್ತದೆ. 3 ಮಿಲಿಯ ಪುಟ್ಟ ಡಾರ್ಟೇ ಸಾಕಾಗುತ್ತದೆ.

ಡಾರ್ಟ್ ತಗುಲಿದ ಮೇಲೆ ಹತ್ತು-ಹದಿನೈದು ನಿಮಿಷ ಯಾರೂ ಅಲುಗಬಾರದು, ಹಿಂಬಾಲಿಸಬಾರದು. ಅಟ್ಟಿದರೆ ಸಿಂಹ ಓಡುತ್ತದೆ, ಮೈ ಕಾಯುತ್ತದೆ, ಔಷಧ ಹತ್ತುವುದಿಲ್ಲ. ಡಾರ್ಟ್ ಮೂಳೆಗೆ ತಾಗಿದರೆ ಅಥವಾ ಚರ್ಮದಡಿಯಲ್ಲೇ ಔಷಧ ಉಳಿದರೆ ಅರ್ಧ ಅಮಲು ಮಾತ್ರ ಏರುತ್ತದೆ. ಅರ್ಧ ಮತ್ತಿನ ಸಿಂಹ ಎಚ್ಚರದ ಸಿಂಹಕ್ಕಿಂತ ಅಪಾಯಕಾರಿ. ಕೋಲಿನಿಂದ ಬೆನ್ನು, ಆಮೇಲೆ ಕಿವಿ ಮುಟ್ಟಿ ನೋಡದೆ ಕೈ ಹಾಕುವಂತಿಲ್ಲ. ಜೈಲಜಿನ್, ಮೆಡೆಟೊಮಿಡಿನ್ ಕೊಟ್ಟ ಪ್ರಾಣಿ ದೊಡ್ಡ ಸದ್ದಿಗೆ ಥಟ್ಟನೆ ಎದ್ದುಬಿಡುವುದುಂಟು. ಹಾಗಾಗಿ ಸ್ಥಳದಲ್ಲಿ ಪಿಸುಮಾತೂ ಕಡಿಮೆ ಇರಬೇಕು.

ಮಗ್ಗುಲಾಗಿ ಮಲಗಿಸಿ, ಕುತ್ತಿಗೆ ನೀಳವಾಗಿರಿಸಿ, ವಾಂತಿಯಾದರೆ ಹೊರಬರಲು ಮೂತಿ ಸ್ವಲ್ಪ ಕೆಳಗಿರುವಂತೆ ನೋಡಿಕೊಳ್ಳಬೇಕು. ಕೆಟಮಿನ್‌ನಲ್ಲಿ ಕಣ್ಣು ತೆರೆದೇ ಇರುತ್ತದೆ, ರೆಪ್ಪೆ ಬಡಿಯುವುದಿಲ್ಲ. ಮುಲಾಮು ಹಚ್ಚದೆ ಬಟ್ಟೆ ಕಟ್ಟಿದರೆ ಬಟ್ಟೆಯ ಎಳೆಯೇ ಕಣ್ಣಗುಡ್ಡೆ ಗೀರುತ್ತದೆ. ಐದೈದು ನಿಮಿಷಕ್ಕೆ ಉಸಿರು, ನಾಡಿ, ಗುದದ ಉಷ್ಣತೆ, ಒಸಡಿನ ಬಣ್ಣ ಬರೆದುಕೊಳ್ಳಬೇಕು. 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೊಟ್ಟೆ, ತೊಡೆಸಂದಿ, ಪಾದಕ್ಕೆ ನೀರು ಸುರಿದು ಗಾಳಿ ಹಾಕಬೇಕು. 41ಕ್ಕೆ ಹೋದರೆ ಮಾದರಿ ಸಂಗ್ರಹ ನಿಲ್ಲಿಸಿ ಪ್ರಾಣಿಯನ್ನು ಉಳಿಸುವುದಷ್ಟೇ ಕೆಲಸ.

ಕೊನೆಗೆ ಎಬ್ಬಿಸುವುದು. ಜೈಲಜಿನ್‌ಗೆ ಯೋಹಿಂಬಿನ್, ಮೆಡೆಟೊಮಿಡಿನ್‌ಗೆ ಅದರ ಐದು ಪಟ್ಟು ಅಟಿಪಮೆಜೋಲ್, ಮೇಲಿನ ಲೆಕ್ಕದಲ್ಲಿ 24 ಮಿಲಿಗ್ರಾಂ. ಕೆಟಮಿನ್‌ಗೆ ಪ್ರತಿಮದ್ದಿಲ್ಲ. ಡಾರ್ಟ್ ಹಾಕಿ ಕನಿಷ್ಠ 40 ನಿಮಿಷವಾಗುವ ಮೊದಲೇ ಪ್ರತಿಮದ್ದು ಕೊಟ್ಟರೆ ಮೈಯಲ್ಲಿ ಕೆಟಮಿನ್ ಮಾತ್ರ ಉಳಿದು ಸೆಳೆತ ಬರುತ್ತದೆ. ಕೆಲಸ ಬೇಗ ಮುಗಿದರೂ ಕಾಯಬೇಕು.

ಯಾವ ಮಾದರಿ ತೆಗೆಯುತ್ತಾರೆ?

ಹಿಂಗಾಲಿನ ಒಳಮಗ್ಗುಲ ರಕ್ತನಾಳದಿಂದ 10ರಿಂದ 20 ಮಿಲಿ ರಕ್ತ. ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೊಳವೆಯದ್ದು ರಕ್ತಕಣದ ಎಣಿಕೆಗೆ, ರೋಗಾಣುವಿನ ವಂಶವಾಹಿ ಹುಡುಕುವ ಪಿಸಿಆರ್ ಪರೀಕ್ಷೆಗೆ. ಕೆಂಪು ಮುಚ್ಚಳದ್ದು ಸೀರಮ್‌ಗೆ. ಬೆಬಿಸಿಯಾಗೆ ಕಿವಿಯಂಚಿನ ಸಣ್ಣ ರಕ್ತನಾಳ ಚುಚ್ಚಿ ಮೊದಲ ಹನಿಯಲ್ಲೇ ಗಾಜಿನ ಮೇಲೆ ತೆಳು ಲೇಪ ಮಾಡಿ, ಒಣಗಿಸಿ, ಮೆಥನಾಲ್‌ನಲ್ಲಿ ಅದ್ದಿ ಜೀಮ್ಸಾ ಬಣ್ಣ ಹಾಕುತ್ತಾರೆ. ಕಿರುನಾಳದ ರಕ್ತದಲ್ಲಿ ಪರಾವಲಂಬಿ ಹೆಚ್ಚು ಸಿಗುತ್ತದೆ.

ಡಿಸ್ಟೆಂಪರ್‌ಗೆ ಕಣ್ಣು, ಮೂಗು, ಗುದದ ಸ್ವಾಬ್ ಬೇಕು. ಅವನ್ನು ವೈರಸ್ ಸಾಗಣೆ ದ್ರವದಲ್ಲಿಟ್ಟು 2ರಿಂದ 8 ಡಿಗ್ರಿಯಲ್ಲಿ ಸಾಗಿಸಬೇಕು, ತಡವಾಗುವುದಿದ್ದರೆ ದ್ರವ ಸಾರಜನಕದಲ್ಲಿ. ಮನೆಯ ಫ್ರಿಜ್ಜಿನ ಫ್ರೀಜರ್‌ನಲ್ಲಿಟ್ಟು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ವೈರಸ್ಸಿನ ಆರ್‌ಎನ್‌ಎ ಮುರಿದು, ರೋಗವಿದ್ದೂ ‘ಇಲ್ಲ’ ಎಂಬ ವರದಿ ಬರುತ್ತದೆ.

ಫಲಿತಾಂಶ ಓದುವುದರಲ್ಲಿ ಆಗುವ ಗೊಂದಲ ಒಂದಿದೆ. ಪಿಸಿಆರ್ ಹೇಳುವುದು ವೈರಸ್ಸು ಈಗ ಇದೆಯೇ ಎಂದು. ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು) ಪರೀಕ್ಷೆ ಹೇಳುವುದು ಈ ಸಿಂಹ ಹಿಂದೆಂದೋ ವೈರಸ್ಸನ್ನು ಕಂಡು ಬದುಕಿತೇ ಎಂದು. ಲಸಿಕೆ ಪಡೆದ ಸಿಂಹದಲ್ಲೂ ಪ್ರತಿಕಾಯ ಸಿಗುತ್ತದೆ. ಹಾಗಾಗಿ ಲಸಿಕೆಗೆ ಮೊದಲಿನ ಸೀರಮ್ ತೆಗೆದಿಡದಿದ್ದರೆ ಆಮೇಲೆ ಏನೂ ಬಿಡಿಸಿ ಹೇಳಲಾಗದು.

ಸತ್ತ ಸಿಂಹ ಸಿಕ್ಕರೆ?

ಗಂಟೆ ಗಂಟೆಗೂ ಬೆಲೆಯಿದೆ, ಗುಜರಾತಿನ ಸೆಕೆಯಲ್ಲಂತೂ ಇನ್ನೂ ಹೆಚ್ಚು. ಮೊದಲು ವಿಷಪ್ರಾಶನ, ವಿದ್ಯುತ್ ಆಘಾತ, ಉರುಳು, ಗುಂಡು ಇವುಗಳ ಗುರುತು ಹುಡುಕಿ ಫೋಟೊ ತೆಗೆಯಬೇಕು. ಉಗುರು, ಹಲ್ಲು ಪೂರ್ತಿ ಇವೆಯೇ ಎಣಿಸಬೇಕು. ಆಮೇಲೆ ಕೊಯ್ಯುವುದು. ಶ್ವಾಸಕೋಶ, ಗುಲ್ಮ, ದುಗ್ಧಗ್ರಂಥಿ, ಮೂತ್ರಕೋಶ, ಜಠರ, ಮೂತ್ರಪಿಂಡ, ಯಕೃತ್ತು, ಮೆದುಳು ಎಲ್ಲದರಿಂದಲೂ ಎರಡೆರಡು ತುಂಡು: ಒಂದು ಹಸಿಯಾಗಿ ತಂಪಿನಲ್ಲಿ, ಇನ್ನೊಂದು 10% ಫಾರ್ಮಾಲಿನ್‌ನಲ್ಲಿ. ಫಾರ್ಮಾಲಿನ್‌ಗೆ ಹಾಕುವ ತುಂಡು ಒಂದು ಸೆಂಟಿಮೀಟರಿಗಿಂತ ದಪ್ಪವಿರಬಾರದು, ದ್ರವ ತುಂಡಿನ ಹತ್ತು ಪಟ್ಟು ಇರಬೇಕು. ದಪ್ಪ ತುಂಡನ್ನು ತುಂಬಿದ ಡಬ್ಬಿಗೆ ತುರುಕಿದರೆ ಹೊರಗೆ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ.

ಬಹಳ ಸಲ ಬಿಟ್ಟುಹೋಗುವುದು ಮೆದುಳು. ತಲೆಬುರುಡೆ ಬಿಚ್ಚುವುದು ಶ್ರಮದ ಕೆಲಸ, ಬೆಳಕು ಹೋಗುತ್ತಿರುತ್ತದೆ. ಆದರೆ ರೇಬೀಸ್ ಇಲ್ಲ ಎಂದು ಹೇಳಲು ಬೇರೆ ದಾರಿಯಿಲ್ಲ, ಡಿಸ್ಟೆಂಪರಿನ ಕುರುಹು ಬೇರೆಡೆ ಅಳಿದಮೇಲೂ ಮೆದುಳಿನಲ್ಲಿ ಉಳಿದಿರುತ್ತದೆ. ಎಲ್ಲ ಮುಗಿದ ಮೇಲೆ ಕಳೇಬರವನ್ನು ಉಗುರು, ಹಲ್ಲು, ಚರ್ಮ ಸಮೇತ ಅಧಿಕಾರಿಗಳ ಎದುರು ಪೂರ್ತಿ ಸುಡುತ್ತಾರೆ.

ಎಲ್ಲ ಸಿಂಹಗಳಿಗೂ ಲಸಿಕೆ ಹಾಕಿಬಿಟ್ಟರಾಗದೇ?

2025ರ ಗಣತಿಯಲ್ಲಿ ಸಿಕ್ಕ ಸಿಂಹಗಳು 891. ಅದರಲ್ಲಿ 507 ಇದ್ದದ್ದು ಗಿರ್ ಉದ್ಯಾನ-ಅಭಯಾರಣ್ಯದ ಹೊರಗೆ, ಹೊಲ, ತೋಟ, ಕಡಲತೀರದಲ್ಲಿ. ಡಿಸ್ಟೆಂಪರ್ ಲಸಿಕೆಯ ಮೊದಲ ಡೋಸ್ ಹಾಕಿ ಮೂರು-ನಾಲ್ಕು ವಾರಕ್ಕೆ ಮತ್ತೊಂದು ಕೊಡಬೇಕು. ಅದೇ ಸಿಂಹವನ್ನು ಮತ್ತೆ ಹುಡುಕಬೇಕು, ಗುರುತಿಸಬೇಕು. ಅಷ್ಟರಲ್ಲಿ ಹೊಸ ಮರಿಗಳು ಹುಟ್ಟಿರುತ್ತವೆ.

ಲಸಿಕೆಯ ಬಗೆಯೂ ಮುಖ್ಯ. ನಾಯಿಗಳಿಗೆ ಹಾಕುವುದು ದುರ್ಬಲಗೊಳಿಸಿದ ಜೀವಂತ ವೈರಸ್ಸು. ಇದೇ ಬಗೆಯ ಲಸಿಕೆ ಕೆಂಪು ಪಾಂಡಾ, ಕಪ್ಪುಪಾದದ ಫೆರೆಟ್‌ಗಳಲ್ಲಿ ರೋಗವನ್ನೇ ತಂದ ದಾಖಲೆಯಿದೆ. ಆದ್ದರಿಂದ ಕಾಡಿನ ಮಾಂಸಾಹಾರಿಗಳಿಗೆ ಕ್ಯಾನರಿಪಾಕ್ಸ್ ಎಂಬ ಹಕ್ಕಿಗಳ ವೈರಸ್ಸಿನ ಮೇಲೆ ಡಿಸ್ಟೆಂಪರಿನ ಪ್ರೋಟೀನು ಹೊರಿಸಿದ ಲಸಿಕೆಯನ್ನು ಆರಿಸುತ್ತಾರೆ. ಅದು ರೋಗ ತರಲಾರದು, ಆದರೆ ಭಾರತದಲ್ಲಿ ತಯಾರಾಗುವುದಿಲ್ಲ, ತರಿಸಲು ಅನುಮತಿ, ಸಮಯ ಬೇಕು.

ಹಾಗೆಂದು ಸಿಂಹಕ್ಕೆ ಲಸಿಕೆಯೇ ಬೇಡ ಎನ್ನುವುದೂ ತಪ್ಪು. ಚಿಕಿತ್ಸೆಗೋ ರಕ್ಷಣೆಗೋ ಹೇಗೂ ಹಿಡಿದ ಸಿಂಹಕ್ಕೆ ಲಸಿಕೆ ಹಾಕಿ ಬಿಡುವುದು, ಸೋಂಕು ಕಂಡ ವಲಯದ ಸುತ್ತಲಿನ ಗುಂಪುಗಳಿಗೆ ಬೇಲಿಯಂತೆ ಹಾಕುವುದು ಎರಡೂ ಅರ್ಥಪೂರ್ಣ. ನಮ್ಮ ಅಭಿಪ್ರಾಯದಲ್ಲಿ ಡೋಸುಗಳ ದಾಸ್ತಾನು ರೋಗ ಬಂದ ಮೇಲಲ್ಲ, ಯಾವಾಗಲೂ ಕೈಯಳತೆಯಲ್ಲಿರಬೇಕು.

ನಾಯಿಗಳಿಗೆ ಲಸಿಕೆ ಹಾಕಿದರೆ ಸಾಕೇ? ಶಿಬಿರ ಹೇಗೆ ನಡೆಸಬೇಕು?

ಸಾಕಾಗುವುದಿಲ್ಲ, ಆದರೆ ಬಿಡುವಂತೆಯೂ ಇಲ್ಲ. ಸೆರೆಂಗೆಟಿಯ ದಶಕಗಳ ದತ್ತಾಂಶವನ್ನು 2015ರಲ್ಲಿ ವಿಶ್ಲೇಷಿಸಿದಾಗ, ನಾಯಿಗಳಿಗೆ ಲಸಿಕೆ ಹಾಕಿದ ಮೇಲೂ ಸಿಂಹಗಳಿಗೆ ಸೋಂಕು ತಗಲುತ್ತಲೇ ಇತ್ತು ಎಂದು ಕಂಡಿತು. ಇತರ ಕಾಡುಪ್ರಾಣಿಗಳೂ ವೈರಸ್ಸನ್ನು ಉಳಿಸಿಕೊಳ್ಳುತ್ತವೆ. ಹಾಗಿದ್ದರೂ ನಾಯಿಗಳ ರೇಬೀಸ್ ಲಸಿಕೆಯಿಂದ ಹಳ್ಳಿಗರ ಜೀವ ಉಳಿಯುತ್ತದೆ, ಊರವರು ಶಿಬಿರಕ್ಕೆ ನಾಯಿ ತರುವುದೇ ಅದಕ್ಕಾಗಿ. ರೇಬೀಸಿಗೆ ನೂರರಲ್ಲಿ 70 ನಾಯಿಗಳನ್ನು ಮುಟ್ಟಿದರೆ ಹರಡುವಿಕೆ ಮುರಿಯುತ್ತದೆ. ಡಿಸ್ಟೆಂಪರ್‌ ಇನ್ನೂ ವೇಗವಾಗಿ ಹರಡುವುದರಿಂದ ಅದಕ್ಕೂ ಹೆಚ್ಚು ಬೇಕು.

ಶಿಬಿರ ಕೆಡುವುದು ಸಣ್ಣ ವಿಷಯಗಳಲ್ಲಿ. ಡಿಸ್ಟೆಂಪರ್-ಪಾರ್ವೋ ಲಸಿಕೆ ಒಣಪುಡಿಯಾಗಿ ಬರುತ್ತದೆ. ದ್ರವ ಬೆರೆಸಿದ ಕೂಡಲೇ ಹಾಕಬೇಕು. ಸಾಲು ಉದ್ದವಿದೆಯೆಂದು ಬೆಳಗ್ಗೆಯೇ ಐವತ್ತು ಬಾಟಲಿ ಬೆರೆಸಿಟ್ಟರೆ ಮಧ್ಯಾಹ್ನದ ನಾಯಿಗಳಿಗೆ ಹೋಗುವುದು ಬರೀ ನೀರು. ಐಸ್‌ಪೆಟ್ಟಿಗೆಯಲ್ಲಿ ಬಾಟಲಿ ನೇರವಾಗಿ ಮಂಜುಗಡ್ಡೆಗೆ ತಾಗಬಾರದು, ನಡುವೆ ಬಟ್ಟೆಯೋ ರಟ್ಟೋ ಇರಲಿ, ಒಳಗೊಂದು ಥರ್ಮಾಮೀಟರ್ ಇರಲಿ. ಸಿರಿಂಜನ್ನು ಸ್ಪಿರಿಟ್‌ನಿಂದ ತೊಳೆದರೆ ಉಳಿದ ಸ್ಪಿರಿಟ್ ಲಸಿಕೆಯ ವೈರಸ್ಸನ್ನೇ ಕೊಲ್ಲುತ್ತದೆ.

ಮರಿಗಳದ್ದು ಬೇರೆ ಲೆಕ್ಕ. ತಾಯಿಹಾಲಿನಿಂದ ಬಂದ ಪ್ರತಿಕಾಯ ಲಸಿಕೆಯನ್ನು ತಡೆಯುತ್ತದೆ. ಆರೆಂಟು ವಾರಕ್ಕೆ ಶುರುಮಾಡಿ ಮೂರು-ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ ಕೊಡಬೇಕು, ವರ್ಷಕ್ಕೆ ಬೂಸ್ಟರ್. ಹಳ್ಳಿಯ ನಾಯಿಗಳಲ್ಲಿ ಹೆಚ್ಚಿನವು ಎಳೆಯವು, ಬೇಗ ಸಾಯುತ್ತವೆ, ಬೇಗ ಹುಟ್ಟುತ್ತವೆ. ಒಂದು ವರ್ಷ ಶಿಬಿರ ತಪ್ಪಿದರೆ ರಕ್ಷಣೆಯ ಪ್ರಮಾಣ ಕುಸಿದುಬಿಡುತ್ತದೆ. ಜೊತೆಗೆ ಸಂತಾನಹರಣ ಚಿಕಿತ್ಸೆಯೂ, ಸತ್ತ ದನಗಳನ್ನು ಹೂಳುವ ವ್ಯವಸ್ಥೆಯೂ ಇಲ್ಲದಿದ್ದರೆ ಪ್ರತಿ ವರ್ಷ ಮೊದಲಿನಿಂದ ಶುರುಮಾಡಿದಂತೆಯೇ.

ಡಿಸ್ಟೆಂಪರ್ ಬಂದ ಸಿಂಹಕ್ಕೆ ಮದ್ದಿದೆಯೇ?

ವೈರಸ್ಸಿಗೆ ನೇರ ಮದ್ದಿಲ್ಲ. ದ್ರವ ಕೊಡುವುದು, ಶ್ವಾಸಕೋಶಕ್ಕೆ ಎರಗುವ ಬ್ಯಾಕ್ಟೀರಿಯಾಗಳಿಗೆ ಆಂಟಿಬಯೋಟಿಕ್, ಸೆಳೆತಕ್ಕೆ ಡಯಾಜೆಪಾಮ್, ಇಷ್ಟೇ. ಬೆಬಿಸಿಯಾ ಜೊತೆಗಿದ್ದರೆ ಅದಕ್ಕೆ ಇಮಿಡೊಕಾರ್ಬ್ ಅಥವಾ ಡೈಮಿನಾಜೀನ್ ಇದೆ, ಬೇಗ ಕೊಟ್ಟರೆ ಒಂದು ಹೊರೆಯಾದರೂ ಇಳಿಯುತ್ತದೆ.

ಪ್ರತ್ಯೇಕವಾಸದ ಶಿಸ್ತೇ ಹೆಚ್ಚು ಜೀವ ಉಳಿಸುವುದು. ಆರೋಗ್ಯವಂತ ಸಿಂಹಗಳ ಪಂಜರದಿಂದ ದಿನದ ಕೆಲಸ ಶುರುವಾಗಿ ರೋಗಿಗಳ ಪಂಜರದಲ್ಲಿ ಮುಗಿಯಬೇಕು, ಎಂದೂ ತಿರುಗುಮುರುಗಾಗಬಾರದು. ಗಂಬೂಟು, ಪೊರಕೆ, ಬಕೆಟ್, ಮಾಂಸದ ತಟ್ಟೆ ಎಲ್ಲವೂ ಬೇರೆ ಬೇರೆ. ವೈರಸ್ಸಿಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪು, ಬ್ಲೀಚ್, ಸಾಮಾನ್ಯ ಸೋಂಕುನಾಶಕ ಸಾಕು. ಆದರೆ ಸಗಣಿ, ರಕ್ತ ಅಂಟಿದ ನೆಲಕ್ಕೆ ಬ್ಲೀಚ್ ಸುರಿದರೆ ಪ್ರಯೋಜನವಿಲ್ಲ. ಮೊದಲು ತಿಕ್ಕಿ ತೊಳೆಯಬೇಕು, ಆಮೇಲೆ ಬ್ಲೀಚ್.

ದಕ್ಷಿಣ ಆಫ್ರಿಕಾದ ಸಿಂಹಗಳಿಗೆ ಕ್ಷಯ ಹೇಗೆ ಬಂತು?

ದನಗಳಿಂದ ಕಾಡೆಮ್ಮೆಗೆ, ಕಾಡೆಮ್ಮೆಯಿಂದ ಸಿಂಹಕ್ಕೆ. ಕ್ರೂಗರ್ ಉದ್ಯಾನದಲ್ಲಿ 1990ರಲ್ಲಿ ಕಾಡೆಮ್ಮೆಗಳಲ್ಲಿ, 1995ರಲ್ಲಿ ಸಿಂಹಗಳಲ್ಲಿ ಪತ್ತೆಯಾಯಿತು. ಸೋಂಕಿತ ಮಾಂಸ ತಿಂದ ಸಿಂಹ ವರ್ಷಗಟ್ಟಲೆ ನಿಧಾನವಾಗಿ ಸೊರಗುತ್ತದೆ, ಕೀಲು ಊದುತ್ತದೆ. ಪರೀಕ್ಷೆಗೆ ಕುತ್ತಿಗೆಯ ಚರ್ಮದೊಳಗೆ ಟ್ಯುಬರ್ಕುಲಿನ್ (ಕ್ಷಯದ ಬ್ಯಾಕ್ಟೀರಿಯಾದಿಂದ ತೆಗೆದ ಪ್ರೋಟೀನು) ಚುಚ್ಚಿ ಮೂರು ದಿನದ ಮೇಲೆ ಊತ ಅಳೆಯಬೇಕು. ಒಂದೇ ಸಿಂಹವನ್ನು ಎರಡು ಸಲ ಹಿಡಿಯುವುದು ಅಥವಾ ಮೂರು ದಿನ ಕೂಡಿಹಾಕುವುದು ಅನಿವಾರ್ಯ.

ಸಿಂಹಗಳಿಗೆ ಎರಡನೇ ನೆಲೆ ಬೇಕೆಂದು ವೈದ್ಯರೇಕೆ ಒತ್ತಾಯಿಸುತ್ತಾರೆ?

ಕಾಡಿನಲ್ಲಿ ಬದುಕಿರುವ ಏಷ್ಯಾದ ಸಿಂಹಗಳೆಲ್ಲ ಗುಜರಾತಿನ ಸೌರಾಷ್ಟ್ರ ಒಂದರಲ್ಲೇ ಇವೆ. ಹಿಂದೊಮ್ಮೆ ಬೆರಳೆಣಿಕೆಯ ಡಜನ್‌ಗಳಿಗೆ ಇಳಿದಿದ್ದ ವಂಶ ಇದು, ಆನುವಂಶಿಕ ವೈವಿಧ್ಯ ಕಡಿಮೆ. ಒಂದು ಸೋಂಕನ್ನು ತಾಳಲಾಗದ ದೌರ್ಬಲ್ಯ ಒಂದರಲ್ಲಿದ್ದರೆ ಹಲವದರಲ್ಲಿ ಇರುವ ಸಾಧ್ಯತೆಯಿದೆ. ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲಿ ಕೆಲವು ಸಿಂಹಗಳನ್ನು ಮಧ್ಯಪ್ರದೇಶದ ಕೂನೋಗೆ ಒಯ್ಯಲು ಆದೇಶಿಸಿತು. ಅದು ನಡೆಯಲಿಲ್ಲ. 2022ರಲ್ಲಿ ಕೂನೋಗೆ ಬಂದದ್ದು ಆಫ್ರಿಕಾದ ಚೀತಾಗಳು.

ಗುಜರಾತ್ ಸರ್ಕಾರ ಪೋರಬಂದರ್ ಹತ್ತಿರದ ಬರ್ಡಾ ಅಭಯಾರಣ್ಯವನ್ನು ಎರಡನೇ ನೆಲೆಯಾಗಿ ಬೆಳೆಸುತ್ತಿದೆ. 2025ರ ಗಣತಿಯಲ್ಲಿ ಅಲ್ಲಿ 17 ಸಿಂಹಗಳಿದ್ದವು. ಒಳ್ಳೆಯದೇ. ಆದರೆ ಸಿಂಹಗಳು ತಾವೇ ನಡೆದು ತಲುಪಿದ ಜಾಗಕ್ಕೆ ನಾಯಿಯೂ ನರಿಯೂ ವೈರಸ್ಸೂ ನಡೆದು ತಲುಪಬಲ್ಲವು. ರೋಗದ ದೃಷ್ಟಿಯಿಂದ ಎರಡನೇ ನೆಲೆ ಎಂದರೆ ಸೋಂಕು ತಾನಾಗಿ ದಾಟಲಾರದಷ್ಟು ದೂರವಿರುವ ಕಾಡು. ಲಸಿಕೆ, ಪ್ರಯೋಗಾಲಯ, ಆಸ್ಪತ್ರೆ ಎಷ್ಟೇ ಇದ್ದರೂ ಈ ಒಂದು ಕೊರತೆಯನ್ನು ಅವು ತುಂಬಲಾರವು ಎಂದು ನಾವು ಖಂಡಿತವಾಗಿ ಹೇಳುತ್ತೇವೆ.

ಕರ್ನಾಟಕಕ್ಕೆ ಇದರಿಂದ ಏನು?

ನಮ್ಮಲ್ಲಿ ಕಾಡುಸಿಂಹಗಳಿಲ್ಲ. ಬನ್ನೇರುಘಟ್ಟ, ಮೈಸೂರು ಮೃಗಾಲಯ, ಶಿವಮೊಗ್ಗದ ತ್ಯಾವರೆಕೊಪ್ಪದಲ್ಲಿ ಇರುವವು ಸಾಕಿದವು. ಆವರಣದೊಳಗೆ ಬೀದಿನಾಯಿ, ಬೆಕ್ಕು ನುಸುಳದಂತೆ ನೋಡಿಕೊಳ್ಳುವುದು ಅಲ್ಲಿ ಮೊದಲ ಕೆಲಸ. 2023ರಲ್ಲಿ ಬನ್ನೇರುಘಟ್ಟದಲ್ಲಿ ಚಿರತೆ ಮರಿಗಳು ಬೆಕ್ಕಿನ ಪಾರ್ವೋ ಸೋಂಕಿಗೆ ಬಲಿಯಾದದ್ದು ನೆನಪಿರಲಿ. ಇನ್ನು ಬಂಡೀಪುರ, ನಾಗರಹೊಳೆ ಅಂಚಿನ ಹಳ್ಳಿಗಳ ನಾಯಿಗಳು ಸೀಳುನಾಯಿ, ಚಿರತೆ, ಹುಲಿಗಳ ಜೊತೆ ಅದೇ ಕಳೇಬರಗಳನ್ನು ಹಂಚಿಕೊಳ್ಳುತ್ತವೆ. ಗಿರ್‌ಗೆ ಹೇಳಿದ ನಾಯಿ ಲಸಿಕೆಯ ಮಾತೆಲ್ಲ ಇಲ್ಲಿಗೂ ಅನ್ವಯ.

ಈ ಕೆಲಸಕ್ಕೆ ಏನು ಓದಬೇಕು?

ಐದೂವರೆ ವರ್ಷದ ಪಶುವೈದ್ಯಕೀಯ ಪದವಿ, ಅಂದರೆ ಬಿವಿಎಸ್ಸಿ ಮತ್ತು ಎಎಚ್. ಕರ್ನಾಟಕದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಹೆಬ್ಬಾಳ ಮುಂತಾದ ಕಾಲೇಜುಗಳಿವೆ. ನಂತರ ವನ್ಯಜೀವಿ ವಿಷಯದಲ್ಲೋ, ರೋಗಶಾಸ್ತ್ರ, ಸೂಕ್ಷ್ಮಾಣುಶಾಸ್ತ್ರದಲ್ಲೋ ಸ್ನಾತಕೋತ್ತರ ಪದವಿ (ಎಂವಿಎಸ್ಸಿ) ಮಾಡಬಹುದು. ಬರೇಲಿ ಬಳಿಯ ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ (ಐವಿಆರ್‌ಐ) ವನ್ಯಜೀವಿ ಕೇಂದ್ರವಿದೆ. ಡಾರ್ಟ್ ಹೊಡೆಯುವುದನ್ನೇ ಕನಸು ಕಾಣುವ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ: ಮೊದಲು ಮರಣೋತ್ತರ ಪರೀಕ್ಷೆ ಕಲಿಯಿರಿ, ಊರಿನ ದನ-ನಾಯಿಗಳ ಮೇಲೆ ಕೈ ಪಳಗಲಿ.

ಡಿಸ್ಟೆಂಪರ್ ಮನುಷ್ಯರಿಗೆ ಬರುತ್ತದೆಯೇ? ಗಿರ್‌ಗೆ ಹೋದಾಗ ಏನು ಎಚ್ಚರ ಬೇಕು?

ಮನುಷ್ಯರಿಗೆ ಬರುವುದಿಲ್ಲ, ಆದರೆ ಬೂಟಿನಲ್ಲಿ, ಬಟ್ಟೆಯಲ್ಲಿ ಅಲ್ಪ ಹೊತ್ತು ಹೊತ್ತೊಯ್ಯಬಹುದು. ಕಾಡಂಚಿಗೆ ನಿಮ್ಮ ನಾಯಿಯನ್ನು ಕರೆದೊಯ್ಯಬೇಡಿ. ‘ಖಚಿತವಾಗಿ ಸಿಂಹ ತೋರಿಸುತ್ತೇವೆ’ ಎಂದು ರಾತ್ರಿ ಹೊಲಕ್ಕೆ ಕರೆಯುವವರ ಜೊತೆ ಹೋಗಬೇಡಿ. ಅದುರುವ, ತಡವರಿಸುವ, ಕಣ್ಣು-ಮೂಗು ಸೋರುವ ಸಿಂಹ, ಚಿರತೆ ಅಥವಾ ನರಿ ಕಂಡರೆ ವಾಹನದಿಂದ ಇಳಿಯದೆ ಸ್ಥಳ, ಹೊತ್ತು ಗುರುತು ಮಾಡಿಕೊಂಡು, ಸಾಧ್ಯವಾದರೆ ಅರ್ಧ ನಿಮಿಷದ ವಿಡಿಯೊ ತೆಗೆದು ಹತ್ತಿರದ ಅರಣ್ಯ ಚೌಕಿಗೆ ತಿಳಿಸಿ. ಫೋಟೊದಲ್ಲಿ ಸ್ನಾಯುಗಳ ಅದುರುವಿಕೆ ಕಾಣುವುದಿಲ್ಲ, ವಿಡಿಯೊದಲ್ಲಿ ಕಾಣುತ್ತದೆ.